ಅಂಜೂರ ತೋಟದ ಒಳದಾರಿ

ಗುಟ್ಟೊಂದನ್ನು ಮನ್‌ಬೋಕ್ ಊರ ಮುಖಂಡನ ಕಿವಿಗೆ ಹಾಕಿದ್ದೇ ತಪ್ಪಾಯಿತು. ಮುಖಂಡ ಜುಂಗ್‌ಗಿಲ್‌ನ ಬಾಯಿಗೂ ಊರಿನ ಕಂಬಗಳ ಮೇಲಿನ ಧ್ವನಿವರ್ಧಕಗಳಿಗೂ ನಡುವೆ ಇದ್ದದ್ದು ಮೈಕಿನ ಒಂದೇ ಒಂದು ಗುಂಡಿ.

ಯೊಂಗಾಮ್‌ನಲ್ಲಿ ರೇಸ್ ಮೈದಾನ ಆದಾಗಿನಿಂದ ಮನ್‌ಬೋಕ್ ಅದರ ಸದ್ದು ಕೇಳಿದ್ದನೇ ಹೊರತು ಒಂದು ರೇಸ್ ಕಾರನ್ನೂ ಕಂಡವನಲ್ಲ. ಈ ಸಲ ಅವನ ಮನೆಯ ಬಾಡಿಗೆ ಕೋಣೆಗೆ ಸಿಯೋಲ್‌ನಿಂದ ಸೆಹ್ವಾ, ಅವಳ ಗಂಡ ರೇಸ್ ನೋಡಲು ಬಂದಿದ್ದರು. ಜೊತೆಗೆ ಬರಬೇಕಿದ್ದ ಗೆಳತಿಗೆ ಜ್ವರ. ಒಂದು ಟಿಕೆಟ್ ಉಳಿದಿತ್ತು.

"ಅಂಕಲ್, ನೀವೇ ಬನ್ನಿ" ಎಂದಳು ಸೆಹ್ವಾ.

ಮನ್‌ಬೋಕ್ ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡ. "ಮುಖ್ಯ ರಸ್ತೆ ಬೇಡಮ್ಮ, ಇವತ್ತು ಅಲ್ಲಿ ಬಸವನಹುಳಾನೂ ನಮ್ಮನ್ನ ಹಿಂದೆ ಹಾಕುತ್ತೆ. ನನ್ನ ಗಾಡೀಲಿ ಅಂಜೂರ ತೋಟದ ಒಳದಾರೀಲಿ ಹೋಗೋಣ."

ಆ ದಾರಿಗೆ ಸರಪಳಿ ಇತ್ತು. ಬೀಗದ ಕೈ ಮುಖಂಡನ ಬಳಿ.

"ಯಾರಿಗೂ ಹೇಳ್ಬೇಡ ಅಣ್ಣ" ಎನ್ನುತ್ತ ಮನ್‌ಬೋಕ್ ಅದನ್ನು ಇಸಿದುಕೊಂಡ.

"ನಾನ್ಯಾಕೆ ಹೇಳ್ಲಿ?" ಎಂದ ಜುಂಗ್‌ಗಿಲ್.

ಅವರ ಗಾಡಿ ತೋಟ ಹೊಕ್ಕಿತೋ ಇಲ್ಲವೋ, ಕಂಬಗಳು ಹಳೇ ಹಾಡು ಹಾಡಿದವು. ಹಾಡು ಹಾಕದೆ ಜುಂಗ್‌ಗಿಲ್ ಮೈಕ್ ಮುಟ್ಟುತ್ತಿರಲಿಲ್ಲ. "ಆ... ಆ... ರೇಸ್‌ಗೆ ಬಂದಿರೋ ಅತಿಥಿಗಳೇ! ಮುಖ್ಯ ರಸ್ತೇಲಿ ಯಾಕೆ ಬಿಸಿಲಿಗೆ ಒಣಗ್ತೀರ? ಅಂಜೂರ ತೋಟದ ಒಳದಾರಿ ಹಿಡೀರಿ. ಉಪಾಯ ನಮ್ಮ ಮನ್‌ಬೋಕ್‌ದು!"

ಮುಖ್ಯ ರಸ್ತೆ ಊರಿಗೆ ಅಂಟಿಕೊಂಡೇ ಇತ್ತು. ಕಾರುಗಳು ಬೆಲ್ಲ ಕಂಡ ಇರುವೆಗಳಂತೆ ಎರಡೂ ತುದಿಯಿಂದ ಒಳದಾರಿಗೆ ನುಗ್ಗಿದವು. ಮುಂದಿನ ತಿರುವಿನಲ್ಲಿ ಎದುರು ಬಂದ ಕಾರೊಂದು ಚರಂಡಿಗೆ ಇಳಿಯಿತು. ಅಲ್ಲಿಗೆ ಎಲ್ಲವೂ ನಿಂತಿತು.

ಪಕ್ಕದ ಮನೆಯ ಒಕ್‌ಬುನ್ ಅಜ್ಜಿ ಅಂಜೂರದ ಬುಟ್ಟಿ ಹೊತ್ತು ಕಾರಿನ ಕಿಟಕಿಯಿಂದ ಕಿಟಕಿಗೆ ಬಂದಳು. "ಏನೋ ಮನ್‌ಬೋಕ್, ರೇಸ್‌ಗಂತೆ? ನನ್ನ ಊರುಗೋಲೇ ನಿನ್ನ ಗಾಡಿಯಿಂದ ಮುಂದಿದೆಯಲ್ಲೋ! ಕೋಟು ಬೇರೆ!" ಎನ್ನುತ್ತ ಸೆಹ್ವಾಳ ಬಾಯಿಗೆ ಅಂಜೂರ ತುರುಕಿದಳು. "ತಿನ್ನಮ್ಮ, ಕಡ್ಡಿ ಆಗಿದೀಯ."

ಗದ್ದೆಯಾಚೆ ಮೈದಾನದ ಗೋಡೆ ಕಾಣುತ್ತಿತ್ತು. ನಡೆದೇ ಹೋಗಬಹುದಿತ್ತು. ಆದರೆ ಮನ್‌ಬೋಕ್ ಗಾಡಿ ಬಿಟ್ಟು ಇಳಿಯುವಂತಿರಲಿಲ್ಲ; ಹಿಂದಿನವರು ಅವನನ್ನೇ ಗದ್ದೆಗೆ ಇಳಿಸುವವರಂತೆ ಹಾರ್ನ್ ಹೊಡೆಯುತ್ತಿದ್ದರು.

"ನೀವು ಹೋಗ್ರಮ್ಮ. ನನ್ನ ಟಿಕೆಟ್ ನಿಮ್ಮ ಹತ್ರಾನೇ ಇರ್ಲಿ. ದಾರಿ ಬಿಟ್ಟ ತಕ್ಷಣ ಬರ್ತೀನಿ."

ಬದುವಿನ ಮೇಲೆ ಗಂಡ ಹೆಂಡತಿ ಓಡಿದರು. ದಾರಿ ಬಿಡಲಿಲ್ಲ. ಗೋಡೆಯಾಚೆ ಗುಡುಗಿದಂತೆ ಸದ್ದೆದ್ದು ಅಂಜೂರದ ಎಲೆಗಳು ನಡುಗಿದವು. ಆಗಲೇ ಫೋನ್ ಬಂತು. ಜುಂಗ್‌ಗಿಲ್.

"ಮನ್‌ಬೋಕ್! ಎಲ್ಲಿದೀಯೋ? ಎಲ್ರೂ ಒಳದಾರಿಗೆ ಹೋದ್ರಲ್ಲ, ಮುಖ್ಯ ರಸ್ತೆ ಖಾಲಿ ಹೊಡೀತಿತ್ತು. ಸುಮ್ನೆ ಗೇಟ್ ತನಕ ನೋಡ್ಕೊಂಡು ಬರೋಣ ಅಂತ ಬಂದೆ. ನಿನ್ನ ಸಿಯೋಲ್ ಹುಡುಗಿ ಸಿಕ್ಕಿದ್ಲು. 'ಅಂಕಲ್ ಬರೋ ಹಾಗೆ ಕಾಣ್ಸಲ್ಲ, ಟಿಕೆಟ್ ಯಾಕೆ ಹಾಳಾಗ್ಬೇಕು' ಅಂತ ಒಳಗೆ ಕರ್ಕೊಂಡು ಬಂದ್ಲು. ಎಂಥ ಒಳ್ಳೇ ಮಕ್ಕಳು! ಅಬ್ಬಾ, ಏನು ಸದ್ದು ಮಾರಾಯ! ನಿಂಗೂ ಕೇಳಿಸ್ತಿದೆಯಾ?"

ಮನ್‌ಬೋಕ್ ಕೋಟಿನ ಗುಂಡಿ ಬಿಚ್ಚಿದ.

"ಕೇಳಿಸ್ತಿದೆ ಅಣ್ಣ. ಪ್ರತಿ ವರ್ಷದ ಹಾಗೇ."