ಅಣ್ಣನ ಜಾಕೆಟ್ಟಿನ ಅಳತೆ

ಬೆಳ್ಳಂಬೆಳಗ್ಗೆ ಹೌದಪ್ಪನಿಗೆ ಅಣ್ಣನ ಮಗಳ ಫೋನು ಬಂತು.

"ಚಿಕ್ಕಪ್ಪಾ, ಆಸ್ಪತ್ರೇಲಿ ನಂಗೆ ರಾತ್ರಿ ಪಾಳಿ ಹಾಕಿದ್ದಾರೆ. ಸ್ಕೂಟರಲ್ಲಿ ಹೋಗುವಾಗ ಚಳಿಗೆ ಕೈಯೆಲ್ಲ ಮರಗಟ್ಟುತ್ತೆ. ಅಪ್ಪನ ಚರ್ಮದ ಜಾಕೆಟ್ ನಿಮ್ಮತ್ರ ಇದೆಯಲ್ಲ? ಸಂಜೆ ಬಂದು ಹಾಕ್ಕೊಂಡು ನೋಡ್ತೀನಿ. ಅಳತೆ ಸರಿಹೋದ್ರೆ ತಗೊಂಡ್ಹೋಗ್ತೀನಿ, ಇಲ್ಲಾಂದ್ರೆ ನಿಮ್ಮತ್ರಾನೇ ಇರ್ಲಿ."

"ಹೌದು, ಹೌದು. ಬಾಮ್ಮ" ಎಂದ ಹೌದಪ್ಪ.

ಹುಟ್ಟಿದಾಗ ಇಟ್ಟ ಹೆಸರು ಬೇರೆ. ಯಾರು ಏನಂದರೂ 'ಹೌದು' ಎನ್ನದೆ ಇರಲಾರದ ಅವನನ್ನು ಬೀದಿಯವರೆಲ್ಲ ಹೌದಪ್ಪ ಎಂದೇ ಕರೆಯುತ್ತಿದ್ದರು. ಕನ್ನಡಕದಂಗಡಿಯಲ್ಲಿ ಕೆಲಸ. "ಈ ಗಾಜಲ್ಲಿ ಏನೂ ಕಾಣಲ್ಲ" ಎಂದು ಗಿರಾಕಿ ರೇಗಿದರೆ ಅದಕ್ಕೂ ಹೌದು ಎಂದು ಮಾಲೀಕನಿಂದ ಬೈಸಿಕೊಂಡವನು.

ತಬ್ಬಲಿಯಾಗಿದ್ದ ಅವನನ್ನು ಸಾಕಿ ಬೆಳೆಸಿದ್ದು ಅಣ್ಣ. ರಾತ್ರಿ ಬಸ್ಸಿನ ಡ್ರೈವರ್, ಬಾಗಿಲಿನಷ್ಟು ಅಗಲದ ಆಳು. ಹೋದ ವರ್ಷ ತೀರಿಕೊಂಡ. ತಮ್ಮನಿಗೆ ಉಳಿದದ್ದು ಅವನ ಕಂದು ಜಾಕೆಟ್ಟೊಂದೇ. ಅದನ್ನು ಹೌದಪ್ಪ ಒಮ್ಮೆಯೂ ತೊಟ್ಟಿರಲಿಲ್ಲ. ಮನಸ್ಸು ಕೆಟ್ಟ ದಿನ ಹೊರತೆಗೆದು, ಅದರ ತೋಳಿನಲ್ಲಿ ಮುಖವಿಟ್ಟು ಸುಮ್ಮನೆ ಕೂರುತ್ತಿದ್ದ. ಡೀಸೆಲ್ಲು, ಬೀಡಿ, ಅಣ್ಣ. ಎಲ್ಲವೂ ಅಲ್ಲಿದ್ದವು.

ಹುಡುಗಿಯೋ ಗಾಳಿ ಬೀಸಿದರೆ ಹಾರಿಹೋಗುವಂಥವಳು. ಜಾಕೆಟ್ಟಿನೊಳಗೆ ಅವಳಂಥವರು ಇಬ್ಬರು ಹಿಡಿಯುತ್ತಿದ್ದರು. ಅಳತೆ ಹೇಗೂ ಆಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡು ಕವರು ಬಿಚ್ಚಿದರೆ, ಕಾಲರಿನ ತುಂಬ ಬಿಳಿ ಬೂಷ್ಟು!

"ಗಾಳಿ ಸೋಕಿದ್ರೆ ಚರ್ಮ ಕೆಡುತ್ತೆ ಕಣೋ, ಪ್ಲಾಸ್ಟಿಕ್ಕಲ್ಲಿ ಬಿಗಿಯಾಗಿ ಕಟ್ಟಿಡು" ಎಂದು ತನ್ನ ಕಂಬಳಿಯ ಕವರನ್ನೇ ಕೊಟ್ಟವಳು ಕೆಳಮನೆಯ ಅತ್ತೆ. ಯಾರಿಗೆ ಅತ್ತೆಯೋ ತಿಳಿಯದು, ಬೀದಿಗೆಲ್ಲ ಅತ್ತೆ. ಈಗ ಅವಳನ್ನು ಬೈದು ಏನು ಬಂತು? ಅಪ್ಪನ ವಸ್ತುವನ್ನು ಚಿಕ್ಕಪ್ಪ ಹೀಗೆ ಹಾಳು ಮಾಡಿದನೇ ಎಂದು ಹುಡುಗಿ ನೊಂದುಕೊಳ್ಳಬಾರದು. ಜಾಕೆಟ್ಟು ಹಿಡಿದು ಹೊರಗೆ ಬಂದ.

"ಬಿಸಿನೀರಲ್ಲಿ ನೆನೆಹಾಕಯ್ಯ" ಎಂದರು ಎದುರುಮನೆಯ ಕಾಂಪೌಂಡರು. ದನದ ಆಸ್ಪತ್ರೆಯಲ್ಲಿ ಸರ್ವಿಸು ಮುಗಿಸಿದವರು.

"ಚರ್ಮಕ್ಕೆ ನೀರು ಆಗಲ್ಲ ಅಂತಾರಲ್ಲ ಸಾರ್?"

"ಯಾರಯ್ಯ ಅಂದೋರು? ಎಮ್ಮೆ ಮಳೇಲಿ ನಿಲ್ಲಲ್ವಾ? ಮಳೆ ಬಿಟ್ಟ ಮೇಲೆ ಎಮ್ಮೆ ಕುಗ್ಗಿ ಕರು ಆಗಿದ್ದನ್ನ ನೋಡಿದ್ದೀಯಾ?"

"ಹೌದು... ಅಲ್ಲ, ಇಲ್ಲ."

ಜೀವವಿರುವ ಚರ್ಮದ ವಿಷಯದಲ್ಲಿ ಕಾಂಪೌಂಡರಿಗೆ ತಿಳಿಯದ್ದು ಇರಲಿಲ್ಲ. ಜೀವ ಹೋದ ಚರ್ಮದ ವಿಷಯದಲ್ಲಿ ತಿಳಿದದ್ದೂ ಇರಲಿಲ್ಲ. ಹಬೆಯಾಡುವ ಬಕೆಟ್ಟಿನಲ್ಲಿ ಜಾಕೆಟ್ಟು ಮುಳುಗಿತು. ಬೂಷ್ಟು ಹೋಯಿತು. ಹೌದಪ್ಪ ಅದನ್ನೆತ್ತಿ ಮೂಸಿದ. ಬೂಷ್ಟಿನ ಜೊತೆ ಅಣ್ಣನೂ ನೀರಿಗೆ ಹೋಗಿದ್ದ. ಬಕೆಟ್ಟಿನ ಪಕ್ಕ ಕುಕ್ಕರಿಸಿ ಅತ್ತುಬಿಟ್ಟ.

ಅಳುತ್ತ ಕೂತರೆ ಜಾಕೆಟ್ಟು ಒಣಗೀತೇ? ಮೂಲೆಯ ಇಸ್ತ್ರಿಯವನ ಬಳಿಗೆ ಓಡಿದ.

"ಅಸಲಿ ಚರ್ಮಕ್ಕೆ ಬಿಸಿ ತಾಗಲ್ಲ ಸ್ವಾಮಿ" ಎನ್ನುತ್ತ ಅವನು ಕೆಂಡದ ಪೆಟ್ಟಿಗೆಯನ್ನು ಎಳೆದೇಬಿಟ್ಟ. ಚುರ್ರೆಂದಿತು. ಜಾಕೆಟ್ಟು ಮುಟ್ಟಿದರೆ ಮುನಿಯ ಹಾಗೆ ಮುದುಡಿತು.

"ಏನಾಯ್ತಪ್ಪ?"

"ಏನೂ ಆಗಿಲ್ಲ. ಅಸಲಿನೇ, ನೋಡಿ. ಸ್ವಲ್ಪ ನಾಚ್ಕೊಂಡಿದೆ ಅಷ್ಟೆ."

ಮನೆಗೆ ಬರುವಷ್ಟರಲ್ಲಿ ಅದು ಹಲಗೆಯಂತೆ ಸೆಟೆದಿತ್ತು. ಮೆಟ್ಟಿಲಲ್ಲೇ ಅಡ್ಡಹಾಕಿದ ಅತ್ತೆ, "ಚರ್ಮ ಎಷ್ಟು ಎಣ್ಣೆ ಕುಡಿದ್ರೆ ಅಷ್ಟು ಒಳ್ಳೇದು ಕಣೋ" ಎಂದು ಅಡುಗೆಮನೆಯ ಡಬ್ಬಿಯನ್ನೇ ತಂದಳು. ಇಬ್ಬರೂ ಕೂತು ಕೂಸಿಗೆ ಹಚ್ಚುವಂತೆ ಹಚ್ಚಿ ತಿಕ್ಕಿದರು. ಮೆತ್ತಗೇನೋ ಆಯಿತು. ಕಂದು ಬಣ್ಣ ಮಾತ್ರ ಕರ್ರಗಾಯಿತು.

ಅಣ್ಣನ ಜಾಕೆಟ್ಟು ಈಗ ನರಪೇತಲ ಹೌದಪ್ಪನ ಹೆಗಲಿಗೂ ಏರಲೊಲ್ಲದು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಆದರೆ ಸಂಜೆ ಹತ್ತಿರವಾದಂತೆ ಒಂದು ಸಮಾಧಾನವೂ ಮೂಡಿತು. ಇಂಥದ್ದನ್ನು ಯಾರು ಒಯ್ಯುತ್ತಾರೆ? ಹುಡುಗಿ ಬಯ್ಯಲಿ, ಅಳಲಿ. ಕೆಟ್ಟದ್ದಾದರೂ ಅದು ತನ್ನಲ್ಲೇ ಉಳಿಯುತ್ತದೆ.

ಹುಡುಗಿ ಬಂದಳು. ಹಿಂದೆಯೇ ಅತ್ತೆ, ಕಾಂಪೌಂಡರು, ಇಸ್ತ್ರಿಯವನೂ ಬಂದು ಬಾಗಿಲಲ್ಲಿ ನಿಂತರು. ಹೌದಪ್ಪ ತಲೆ ತಗ್ಗಿಸಿ ಜಾಕೆಟ್ಟು ಕೊಟ್ಟ. ಅವಳು ತೊಟ್ಟಳು. ತೋಳು ಮಣಿಕಟ್ಟಿಗೆ ಬಂದು ನಿಂತಿತು. ಹೆಗಲು ಹೆಗಲಿಗೆ ಕೂತಿತು. ಎದೆಯ ಜಿಪ್ಪು ಸರ್ರನೆ ಏರಿತು. ದರ್ಜಿ ಎದುರಿಗೆ ನಿಲ್ಲಿಸಿಕೊಂಡು ಹೊಲಿದರೂ ಅಷ್ಟು ಸರಿಯಾಗುತ್ತಿರಲಿಲ್ಲ.

ಅವಳ ಕಣ್ಣು ತುಂಬಿತು. "ಚಿಕ್ಕಪ್ಪಾ... ನಂಗೋಸ್ಕರ ಚಿಕ್ಕದು ಮಾಡಿಸಿದ್ರಾ? ಕಪ್ಪು ಬಣ್ಣಾನೂ ಹಾಕ್ಸಿದ್ರಾ?"

ಇಲ್ಲ ಎನ್ನಬೇಕಿತ್ತು. ಹುಟ್ಟಿದಾಗಿನಿಂದ ನೆಟ್ಟಗೆ ಬಾರದ ಮಾತು ಈಗ ಎಲ್ಲಿಂದ ಬರಬೇಕು? "ಹೌದು" ಎಂದ.

"ತಗೊಂಡ್ಹೋಗ್ಲಾ?"

"ಹೌದಮ್ಮ."

ಅವಳು ಅವನನ್ನು ತಬ್ಬಿಕೊಂಡು, ಕಣ್ಣೊರೆಸಿಕೊಂಡು ಸ್ಕೂಟರು ಹತ್ತಿದಳು. "ನಾನು ಹೇಳ್ಲಿಲ್ವಾ, ಬಿಸಿನೀರು!" ಎಂದರು ಕಾಂಪೌಂಡರು. "ಎಲ್ಲ ಇಸ್ತ್ರಿ ಮಹಿಮೆ" ಎಂದ ಇಸ್ತ್ರಿಯವನು.

ಎಲ್ಲರೂ ಹೋದ ಮೇಲೆ ಹೌದಪ್ಪ ಮಂಚದ ಮೇಲೆ ಬಿದ್ದಿದ್ದ ಕಂಬಳಿಯ ಕವರನ್ನು ಎತ್ತಿ ಒಳಗೆ ಮುಖ ಹಾಕಿದ. ಬೂಷ್ಟಿನ ಕಮಟಿನ ಅಡಿಯಲ್ಲಿ, ತೀರಾ ತೆಳ್ಳಗೆ, ಡೀಸೆಲ್ಲು ಇತ್ತು. ಬೀಡಿ ಇತ್ತು. ಅಣ್ಣ ಇದ್ದ. ಉಸಿರು ಬಿಟ್ಟರೆ ಎಲ್ಲಿ ಹೊರಟುಹೋಗುತ್ತಾನೋ ಎಂದು ಹೆದರಿ ಉಸಿರು ಬಿಗಿಹಿಡಿದ.

ಬಾಗಿಲಲ್ಲಿ ಅತ್ತೆಯ ದನಿ ಕೇಳಿಸಿತು. "ಜಾಕೆಟ್ ಹೋಯ್ತಲ್ಲ, ಇನ್ನು ಆ ಕವರು ನಿಂಗ್ಯಾಕೋ? ನಂದೇ ಅಲ್ವಾ ಅದು? ಚೆನ್ನಾಗಿ ತೊಳೆದು ಕಂಬಳಿಗೆ ಹಾಕ್ಬೇಕು."

ಕವರಿನೊಳಗಿನಿಂದಲೇ ಹೌದಪ್ಪ "ಹೌದು" ಎಂದ.