ಕಸ್ತೂರಿಯ ಮೇಲೆ ನಾನಿದ್ದಷ್ಟು ಹೊತ್ತು

ನಲವತ್ತಮೂರನೆಯ ವಯಸ್ಸಿನಲ್ಲಿ ಕುದುರೆ ಸವಾರಿಯ ಸ್ಪರ್ಧೆಗೆ ಹೆಸರು ಕೊಟ್ಟಾಗ ನನಗೆ ಇದ್ದದ್ದು ಒಂದೇ ಚಿಂತೆ. ಗೆದ್ದುಬಿಟ್ಟರೆ ಕಾರ್ಖಾನೆಯಲ್ಲಿ ಎಲ್ಲರೆದುರು ನಿಂತು ಮಾತಾಡಬೇಕಾಗುತ್ತದಲ್ಲ ಎಂದು.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಬೇರೆಯವರು ಮಾಡಿದ್ದನ್ನು ಅಳೆದು, ಸರಿಯಿಲ್ಲ ಎಂದು ಹೇಳುವುದು ನನ್ನ ಉದ್ಯೋಗ. ತುಮಕೂರು ರಸ್ತೆಯಲ್ಲಿ ಫ್ಲೈಓವರ್ ಏಳುತ್ತಿದ್ದ ಆ ವರ್ಷ, ಊರಾಚೆಯ ಒಂದು ಕುದುರೆ ಸವಾರಿ ಶಾಲೆಯವರು ನಮ್ಮಲ್ಲಿ ರಿಕಾಪು ಮಾಡಿಸಿದರು. ರಿಕಾಪೆಂದರೆ ಸವಾರರು ಕಾಲಿಡುವ ಕಬ್ಬಿಣದ ಬಳೆ. ಸ್ಯಾಂಪಲ್ ತೋರಿಸಲು ಹೋದ ನನ್ನನ್ನು, ಅಲ್ಲಿ ಕುದುರೆಗಳನ್ನು ನೋಡಿಕೊಳ್ಳುವ ಮುನಿಯಪ್ಪ, "ಸುಮ್ಕೆ ಒಂದ್ ಸುತ್ತು ಕೂತ್ಕಳಿ ಮೇಡಂ, ಇವ್ಳು ಬಲೇ ಸಾದು" ಎಂದು ಕಸ್ತೂರಿಯ ಮೇಲೆ ಹತ್ತಿಸಿದರು. ಕಸ್ತೂರಿ ಕಂದು ಬಣ್ಣದ ಹೆಣ್ಣು ಕುದುರೆ. ಅದರ ಬೆನ್ನೇ ನನ್ನ ತಲೆಯ ಎತ್ತರಕ್ಕಿತ್ತು. ಮೇಲೆ ಕೂತು ನೋಡಿದೆ. ಜೀವಮಾನದಲ್ಲಿ ಮೊದಲ ಸಲ ಎಲ್ಲರೂ ನನಗಿಂತ ಕುಳ್ಳಗಿದ್ದರು. ಅಂದಿನಿಂದ ಪ್ರತಿ ಭಾನುವಾರ ಹೋಗತೊಡಗಿದೆ.

ಎಂಟು ತಿಂಗಳಾದ ಮೇಲೆ ಶಾಲೆಯವರು ತಮ್ಮದೇ ಒಂದು ಈವೆಂಟಿಂಗ್ ಸ್ಪರ್ಧೆ ಇಟ್ಟರು. ಅದರಲ್ಲಿ ಮೂರು ಪರೀಕ್ಷೆ. ಮೊದಲು ಅಂಗಳದಲ್ಲಿ ಕುದುರೆಯನ್ನು ಶಿಸ್ತಾಗಿ ನಡೆಸಿ ತೋರಿಸಬೇಕು. ಆಮೇಲೆ ಬಯಲಿನಲ್ಲಿ ಓಡಿಸಿ ಮರದ ದಿಮ್ಮಿ, ಹಳ್ಳ ಹಾರಿಸಬೇಕು. ಕೊನೆಗೆ ಮತ್ತೆ ಅಂಗಳದಲ್ಲಿ ಬಣ್ಣ ಬಳಿದ ಕಂಬಗಳನ್ನು ಹಾರಿಸಬೇಕು. ದಿನ ಹತ್ತಿರವಾದಂತೆ, ಗೆಲ್ಲುವ ಮಾತು ಬಿಡಿ, ಮೂರನ್ನೂ ಮುಗಿಸಿದರೆ ಸಾಕೆಂದು ಒಳಗೊಳಗೇ ದೇವರಿಗೆ ಹೇಳಿಕೊಂಡಿದ್ದೆ. ಆದರೆ ಕ್ಯಾಂಟೀನಿನಲ್ಲಿ ಬೇರೆಯೇ ಧಾಟಿಯಲ್ಲಿ ಹೇಳಿದ್ದೆ. ಹಾಗಾಗಿ ಕಾರ್ಖಾನೆಯಿಂದ ಹದಿನಾಲ್ಕು ಜನ ನೋಡಲು ಬಂದರು. ಎಲ್ಲರಿಗಿಂತ ಮುಂದೆ ಫೋರ್‌ಮನ್ ಬಸವರಾಜು. ನಾನು ಅತಿ ಹೆಚ್ಚು ಸಲ ತಿರಸ್ಕರಿಸಿದ್ದು ಅವರ ಕೆಲಸವನ್ನೇ. ಶಾಲೆಯ ರಿಕಾಪುಗಳನ್ನು ಮಾಡಿದವರೂ ಅವರೇ.

ಹಿಂದಿನ ಮೂರು ದಿನವೂ ಮಳೆ. ಬಯಲು ದೋಸೆ ಹಿಟ್ಟಿನ ಹದಕ್ಕೆ ಬಂದಿತ್ತು. ನನ್ನ ಯಜಮಾನರು ಕಾರಿನಿಂದ ಇಳಿಯದೆಯೇ ಕೇಳಿದರು:

"ಇವತ್ತೇ ಮಾಡ್ಲೇಬೇಕಾ?"

"ಕುದುರೆಗೇನ್ರೀ, ನಾಲ್ಕು ಕಾಲಿದೆ."

"ಕುದುರೆ ವಿಷ್ಯ ಅಲ್ಲ ಕಣೇ ನಾನ್ ಕೇಳಿದ್ದು."

ಮೊದಲ ಪರೀಕ್ಷೆ ಶುರುವಾದ ಅರ್ಧ ನಿಮಿಷಕ್ಕೇ, ಕಸ್ತೂರಿಗೆ ಕಾಲು ಒದ್ದೆಯಾಗುವುದು ಇಷ್ಟವಿಲ್ಲವೆಂದು ಗೊತ್ತಾಯಿತು. ನೇರ ಹೋಗು ಎಂದರೆ ನೀರಿನ ಗುಂಡಿಯನ್ನು ಬಳಸಿಕೊಂಡು ಹೋಯಿತು. ಗುಂಡಿಗಳು ಬಹಳ ಇದ್ದವು. ಕೊಡೆ ಹಿಡಿದು ಕೂತಿದ್ದ ತೀರ್ಪುಗಾರ್ತಿ ಗಂಟೆ ಬಾರಿಸಿದರು. ಮುಗಿಯಿತೆಂದು ತಿಳಿದು, ಗಂಭೀರವಾಗಿ ತಲೆಬಾಗಿ ವಂದಿಸಿ ಹೊರಗೆ ಬಂದೆ. ಹದಿನಾಲ್ಕು ಜನ ಚಪ್ಪಾಳೆ ತಟ್ಟಿದರು. ಮುನಿಯಪ್ಪ ಓಡಿಬಂದು ಪಿಸುಗುಟ್ಟಿದರು: "ಅದು ತಪ್ಪಾಯ್ತು ಅಂತ ಒಡೆಯೋ ಗಂಟೆ ಮೇಡಂ. ವಾಪಸ್ ಓಗಿ." ವಾಪಸ್ ಹೋಗಿ, ಇನ್ನೂ ಎರಡು ಸಲ ಗಂಟೆ ಹೊಡೆಸಿಕೊಂಡು ಬಂದೆ.

ಬಯಲಿನಲ್ಲಿ ಮೊದಲ ಎರಡು ದಿಮ್ಮಿಗಳನ್ನು ಹಾರಿದೆವು. 'ಹಾರಿದೆವು' ಎಂದು ಬಹುವಚನ ಬಳಸುವ ಹಕ್ಕು ನನಗೆ ಅಲ್ಲಿಯವರೆಗೆ ಮಾತ್ರ ಇದೆ. ಮೂರನೆಯದು ಕೆಂಪು ನೀರು ತುಂಬಿದ ಹಳ್ಳ. ಅದರ ಅಂಚಿಗೆ ಬಂದು ಕಸ್ತೂರಿ ನಿಂತಿತು. ನಾನು ನಿಲ್ಲಲಿಲ್ಲ.

ಎದ್ದೆ. ಎಡಗಾಲಿನ ಬೂಟು ಏಳಲಿಲ್ಲ. ಎರಡೂ ಕೈಯಲ್ಲಿ ಎಳೆದು ತೆಗೆದು, ಒಳಗಿನ ನೀರು ಚೆಲ್ಲಿ, ಮತ್ತೆ ಹಾಕಿಕೊಂಡೆ. ಒಂದು ಸಲ ಬಿದ್ದರೆ ಮತ್ತೆ ಹತ್ತಬಹುದು, ಆದರೆ ಯಾರೂ ಹತ್ತಿಸುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಎಂಟು ತಿಂಗಳೂ ನಾನು ಸ್ಟೂಲಿನ ಮೇಲೆ ನಿಂತೇ ಹತ್ತಿದವಳು. ಈಗ ಕೆಸರಿನಿಂದ ಒಂದೊಂದು ಸಲ ನೆಗೆದಾಗಲೂ ಒಂದೊಂದು ಇಂಚು ಕುಳ್ಳಗಾಗುತ್ತಿದ್ದೆ.

"ಮೇಡಂ, ಬೇಲಿ ಹತ್ರ ಸಿಮೆಂಟ್ ಬ್ಲಾಕ್ ಇದೆ ನೋಡಿ," ಎಂದು ಹದಿನಾಲ್ಕು ಜನರಲ್ಲಿ ಯಾರೋ ಕೂಗಿದರು. ಪಕ್ಕದ ಲೇಔಟಿನವರು ಅಲ್ಲಿ ರಾಶಿ ಹಾಕಿದ್ದರು. ಕುದುರೆಯನ್ನು ಅಲ್ಲಿಗೆ ನಡೆಸಿ, ರಾಶಿಯ ಮೇಲೆ ನಿಂತು, ರಿಕಾಪಿಗೆ ಕಾಲು ತೂರಿಸಿದೆ. ಹೋಗಲಿಲ್ಲ.

"ಇದು ಸಣ್ಣದಾಗಿದೆ. ಅಳತೆ ತಪ್ಪಿದೆ," ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದೆ.

ಬಸವರಾಜು ಬೇಲಿ ದಾಟಿ ಬಂದರು. ಹಳ್ಳದ ಬಳಿ ನಿಂತಿದ್ದ ಸ್ಪರ್ಧೆಯ ಅಧಿಕಾರಿಯನ್ನು, "ಸಾರ್, ಅಳೆದ್ರೆ ಸಹಾಯ ಮಾಡ್ದಂಗೆ ಆಗುತ್ತಾ?" ಎಂದು ಕೇಳಿದರು. ಆತ ಸ್ವಲ್ಪ ಯೋಚಿಸಿ, ಆಗುವುದಿಲ್ಲ ಎಂದರು. ಬಸವರಾಜು ಜೇಬಿನಿಂದ ಸ್ಟೀಲ್ ಸ್ಕೇಲ್ ತೆಗೆದು ರಿಕಾಪನ್ನು ಅಳೆದರು. ಆಮೇಲೆ ನನ್ನ ಬೂಟನ್ನೂ ಅಳೆದರು.

"ರಿಕಾಪು ಡ್ರಾಯಿಂಗ್ ಪ್ರಕಾರನೇ ಇದೆ ಮೇಡಂ. ಬೂಟಿಗೆ ಕೆಸರು ಒಂದಿಂಚು ಜಾಸ್ತಿ ಹತ್ತಿದೆ. ಪಾಸ್ ಮಾಡ್ತೀರಾ?"

ಪಾಸ್ ಮಾಡಿದೆ.

ಬೂಟನ್ನು ಬ್ಲಾಕಿಗೆ ಉಜ್ಜಿ, ಉಳಿದ ಶಕ್ತಿಯನ್ನೆಲ್ಲ ಒಗ್ಗೂಡಿಸಿ ನೆಗೆದೆ. ಶಕ್ತಿ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಉಳಿದಿತ್ತು. ಈ ಕಡೆಯಿಂದ ಹತ್ತಿದವಳು ಆ ಕಡೆ ಇಳಿದೆ, ಅಂಗಾತವಾಗಿ.

ಲಗಾಮು ಕೈಬಿಟ್ಟಿತ್ತು. ಕಸ್ತೂರಿ ನನ್ನನ್ನೊಮ್ಮೆ ನೋಡಿತು. ಬಯಲನ್ನೊಮ್ಮೆ ನೋಡಿತು. ಆಮೇಲೆ ಹೊರಟಿತು. ಆ ಹಳ್ಳವನ್ನು, ಅದೇ ಹಳ್ಳವನ್ನು, ಗಾಳಿಯಲ್ಲಿ ತೇಲಿದಂತೆ ಹಾರಿತು. ಮುಂದಿನ ಐದು ದಿಮ್ಮಿಗಳನ್ನೂ ಒಂದೂ ಬಿಡದೆ ಹಾರಿ, ನೇರವಾಗಿ ಮುಕ್ತಾಯದ ಗೆರೆ ದಾಟಿ ನಿಂತಿತು. ಇಡೀ ದಿನದ ಅತಿ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು.

ಬೂಟುಗಳನ್ನು ಕೈಯಲ್ಲಿ ಹಿಡಿದು ನಾನೂ ಅಲ್ಲಿಗೆ ನಡೆದೆ. ಸಮಯ ಬರೆದುಕೊಳ್ಳುತ್ತಿದ್ದವರು, "ನಿಮ್ ಕುದುರೆ ಆಗ್ಲೇ ಬಂತಲ್ಲ ಮೇಡಂ," ಎಂದು ನನ್ನ ಹೆಸರಿನ ಮೇಲೆ ಗೀಟು ಎಳೆದರು. ಮೂರನೆಯ ಪರೀಕ್ಷೆ ನನಗಿಲ್ಲ. ನಗು ಬರಬೇಕಿತ್ತು. ಬೂಟಿನ ಕೆಸರು ಕೆರೆಯುತ್ತ ನಿಂತೆ. ಮುನಿಯಪ್ಪ ಕಸ್ತೂರಿಯ ಕತ್ತು ಸವರುತ್ತ ಸಮಾಧಾನ ಹೇಳಿದರು: "ಬೇಜಾರ್ ಮಾಡ್ಕಬೇಡಿ ಮೇಡಂ. ಇವತ್ತು ಇವ್ಳು ಎಷ್ಟ್ ಚೆನ್ನಾಗ್ ಆರಿದ್ಲು. ಎಂಟ್ ತಿಂಗ್ಳಿಂದ ಕುದ್ರೇನೇ ಸೋಂಬೇರಿ ಅನ್ಕಂಡಿದ್ದೆ ನಾನು."

ಯಜಮಾನರು ಬಂದು ಕರ್ಚೀಫಿನಿಂದ ನನ್ನ ಕಣ್ಣಿನ ಸುತ್ತ ಒರೆಸಿದರು.

"ನಗೋದಿದ್ರೆ ನಕ್ಬಿಡಿ," ಎಂದೆ.

"ಮನೆಗ್ ಹೋಗಿ ನಗ್ತೀನಿ," ಎಂದರು. ಮಾತಿಗೆ ತಪ್ಪಲಿಲ್ಲ.

ಅಂದು ಅವರು ತೆಗೆದ ಒಂದು ಫೋಟೋ ಈಗ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಖಾಲಿ ಜೀನು ಹೊತ್ತ ಕಸ್ತೂರಿ, ಹಳ್ಳದ ಮೇಲೆ, ಕಾಲು ಮಡಚಿಕೊಂಡು, ರಾಜಗಾಂಭೀರ್ಯದಲ್ಲಿ. ಬಂದವರೆಲ್ಲ ಮೆಚ್ಚಿ, "ಇದ್ರಲ್ಲಿ ನೀವೆಲ್ಲಿದೀರಿ?" ಎಂದು ಕೇಳುತ್ತಾರೆ. ಎಡಗಡೆ ಮೂಲೆಯಲ್ಲಿ, ಸಿಮೆಂಟ್ ಬ್ಲಾಕುಗಳ ಪಕ್ಕ ಕಾಣುವ ಕೆಸರಿನ ಗುಡ್ಡೆಯ ಮೇಲೆ ನಾನು ಬೆರಳಿಡುತ್ತೇನೆ. ಹತ್ತಿರ ಹೋಗಿ ನೋಡಿದರೆ, ಆ ಗುಡ್ಡೆಗೆ ಒಂದು ಹೆಲ್ಮೆಟ್ ಇದೆ.