ಅಂಗೈಯಗಲದ ವೆಬ್‌ಸೈಟು

ಕಂಪ್ಯೂಟರಿನಲ್ಲಿ ಅಂಗಳದಷ್ಟು ಅಗಲ ಕಾಣುವ ವೆಬ್‌ಸೈಟನ್ನು ಫೋನಿನ ಅಂಗೈಯಗಲಕ್ಕೆ ಹೊಂದಿಸುವುದು ನನ್ನ ಹೊಟ್ಟೆಪಾಡು. ಪುತ್ತೂರಿನಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲೆ ನನ್ನ ಆಫೀಸು. ಪರದೆ ಸಣ್ಣದಾದರೆ ಪಕ್ಕದಲ್ಲಿದ್ದದ್ದು ಕೆಳಗೆ ಹೋಗಬೇಕು, ದೊಡ್ಡದು ಸಣ್ಣದಾಗಬೇಕು. ಇಷ್ಟೇ ವಿದ್ಯೆ. ಆದರೆ ನಮ್ಮಲ್ಲಿ ಕೆಳಗೆ ಹೋಗಲಿಕ್ಕೂ ಸಣ್ಣವರಾಗಲಿಕ್ಕೂ ಯಾರೂ ತಯಾರಿಲ್ಲ. ಹಾಗಾಗಿ ನನಗೆ ವಾರಕ್ಕೊಂದು ಪಂಚಾತಿಕೆ ತಪ್ಪಿದ್ದಿಲ್ಲ.

ಮೂರು ಗೆರೆ

ಕಡಬದ ಕಡೆಯ ಒಬ್ಬರು ಭಟ್ಟರು, ಮದುವೆ-ಉಪನಯನದ ಅಡುಗೆ ವಹಿಸಿಕೊಳ್ಳುವವರು. ಅವರ ವೆಬ್‌ಸೈಟನ್ನು ಫೋನಿಗೆ ಹೊಂದಿಸುವಾಗ ಮೇಲಿನ ‘ನಮ್ಮ ಬಗ್ಗೆ’, ‘ಸಂಪರ್ಕಿಸಿ’ ಎಂಬ ಪಟ್ಟಿಯನ್ನೆಲ್ಲ ಮಡಚಿ, ಎಲ್ಲರೂ ಹಾಕುವ ಆ ಮೂರು ಅಡ್ಡಗೆರೆಯನ್ನು ಮೂಲೆಯಲ್ಲಿ ಇಟ್ಟೆ. ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಭಟ್ಟರು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದರು.

“ಅಕ್ಕಾ, ಇದು ವಿಭೂತಿ ಅಲ್ವಾ?”

“ಅಲ್ಲ ಭಟ್ರೇ, ಅದು ಮೆನು.”

“ನೀವು ಎಂತ ಬೇಕಾದರೂ ಹೇಳಿ, ನೋಡುವವರಿಗೆ ವಿಭೂತಿಯೇ. ನಾವು ವೈಷ್ಣವರು. ಗೆರೆಯನ್ನು ಉದ್ದಕ್ಕೆ ನಿಲ್ಲಿಸಿ.”

ನಿಲ್ಲಿಸಿದೆ. ಕ್ರಿಕೆಟ್ಟಿನ ವಿಕೆಟಿನ ಹಾಗೆ ಕಂಡಿತು. ಗೆರೆಯ ಸಹವಾಸವೇ ಬೇಡವೆಂದು ಅಲ್ಲಿ ‘ಮೆನು’ ಎಂದು ಅಕ್ಷರದಲ್ಲೇ ಬರೆದೆ. ಮರುದಿನದಿಂದ ಭಟ್ಟರಿಗೆ ಫೋನೋ ಫೋನು. “ಭಟ್ರೇ, ಮೆನು ಒತ್ತಿದೆ. ‘ನಮ್ಮ ಬಗ್ಗೆ’ ಬಂತು, ‘ಸಂಪರ್ಕಿಸಿ’ ಬಂತು. ಪಾಯಸ ಯಾವಾಗ ಬರುದು?”

ಬಿರುಕು

ಮರ್ಕಂಜದ ಒಬ್ಬರು ಗಿಡದ ನರ್ಸರಿಯವರು ಸಿಟ್ಟಿನಲ್ಲಿ ಮೆಟ್ಟಿಲು ಹತ್ತಿ ಬಂದರು. “ಫೋನಿನಲ್ಲಿ ನೋಡಿದರೆ ವೆಬ್‌ಸೈಟಿನಲ್ಲಿರುವ ನನ್ನ ನಂಬರಿನ ಮೇಲೆ ಗೆರೆ ಉಂಟು. ಎಂತ ಕೆಲಸ ಮಾಡಿದ್ದು ನೀವು?”

ನೋಡಿದರೆ ಫೋನಿನ ಗಾಜೇ ಒಡೆದಿತ್ತು. ಹೇಳಿದೆ.

“ಗಾಜು ಒಡೆದು ವರ್ಷ ಆಯ್ತು. ಎಲ್ಲ ಫೋನಿಗೂ ಹೊಂದ್ತದೆ ಅಂತ ಹೇಳಿದ್ದು ನೀವೇ ಅಲ್ವಾ?”

ಹೇಳಿದ್ದು ಹೌದು. ಬಿರುಕು ತಪ್ಪಿಸಿ ನಂಬರನ್ನು ಕೆಳಗಿನ ಮೂಲೆಗೆ ಸರಿಸಿಕೊಟ್ಟೆ. ಖುಷಿಯಲ್ಲಿ ಹೋದರು. ದೀಪಾವಳಿಗೆ ಹೊಸ ಫೋನು ತೆಗೆದುಕೊಂಡು ಮತ್ತೆ ಬಂದರು. “ಇಷ್ಟು ಜಾಗ ಖಾಲಿ ಬಿಟ್ಟು ನಂಬರನ್ನು ಮೂಲೆಗೆ ಹಾಕಿದ್ದೀರಲ್ಲ, ನಿಮಗೆ ಈ ಕೆಲಸ ಕಲಿಸಿದ್ದು ಯಾರು ಮಾರಾಯ್ರೆ?”

ಮೇಲೆ ಯಾರು?

ಸುಳ್ಯದ ಕಡೆಯ ಒಂದು ಸಂಘ. ಕಂಪ್ಯೂಟರಿನಲ್ಲಿ ಅಧ್ಯಕ್ಷರೂ ಕಾರ್ಯದರ್ಶಿಯೂ ಅಕ್ಕಪಕ್ಕ ನಗುತ್ತಿದ್ದರು. ಫೋನಿನಲ್ಲಿ ಕಾರ್ಯದರ್ಶಿಯ ಫೋಟೊ ಅಧ್ಯಕ್ಷರ ಕೆಳಗೆ ಹೋಯಿತು.

“ಮೇಡಂ, ನಾನು ಇವರ ಕಾಲಡಿಗೆ ಹೇಗೆ ಬಂದೆ?” ಎಂದು ಕಾರ್ಯದರ್ಶಿ ಕೇಳಿದರು.

“ಪರದೆ ಸಣ್ಣದು ಸಾರ್.”

“ಸಣ್ಣದಾದರೆ ಅವರೇ ಕೆಳಗೆ ಬರ್ಲಿ.”

ಅಧ್ಯಕ್ಷರಿಗೆ ಹೇಳಿದರೆ, “ಕೆಳಗೆ ಬರ್ಲಿಕ್ಕಾ ನಾನು ಎಲೆಕ್ಷನಿಗೆ ನಿಂತದ್ದು?” ಎಂದರು. ಫೋನಿನಲ್ಲೂ ಇಬ್ಬರನ್ನು ಅಕ್ಕಪಕ್ಕ ಒತ್ತಿ ಕೂರಿಸಿದೆ. ಎರಡೂ ಮುಖ ಒಣಮೀನಿನ ಹಾಗೆ ಸಪುರವಾದವು. ಇಬ್ಬರೂ ಒಟ್ಟಿಗೆ ಬಯ್ದರು. ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಕೊನೆಗೆ, ಪುಟ ತೆರೆದಾಗಲೆಲ್ಲ ಒಮ್ಮೆ ಇವರು ಮೇಲೆ, ಒಮ್ಮೆ ಅವರು ಮೇಲೆ ಬರುವ ಹಾಗೆ ಮಾಡಿದೆ. ಮಹಾಸಭೆಯ ದಿನ ನೋಡುತ್ತೇನೆ, ವೇದಿಕೆಯಲ್ಲಿ ಖಜಾಂಚಿ ಲೆಕ್ಕಪತ್ರ ಓದುತ್ತಿದ್ದಾರೆ, ಇವರಿಬ್ಬರೂ ಪುಟವನ್ನು ಮತ್ತೆ ಮತ್ತೆ ತೆರೆಯಲು ಫೋನು ಉಜ್ಜುತ್ತಿದ್ದಾರೆ. ತಮ್ಮ ಮುಖ ಮೇಲೆ ಬಂದ ಕೂಡಲೇ ಪಕ್ಕದವರಿಗೆ ತೋರಿಸುವುದು, ಮತ್ತೆ ಉಜ್ಜುವುದು. ಭಾಷಣದಲ್ಲಿ ಇಬ್ಬರೂ ಹೆಮ್ಮೆಯಿಂದ ಹೇಳಿದರು, “ಇವತ್ತು ಒಂದೇ ದಿನ ನಮ್ಮ ವೆಬ್‌ಸೈಟನ್ನು ಎಷ್ಟು ಜನ ನೋಡಿದ್ದಾರೆ ಗೊತ್ತುಂಟಾ?”

ಒಂದೇ ಸಾಲು

ಪೆರಾಬೆ ಕಡೆಯ ತೆಂಗಿನೆಣ್ಣೆ ಮಿಲ್ಲಿನ ಧಣಿಗೆ ಮುಖಪುಟದಲ್ಲಿ ಒಂದೇ ವಾಕ್ಯ ಬೇಕಿತ್ತು: ‘ನಮ್ಮ ಎಣ್ಣೆಯಲ್ಲಿ ಕಲಬೆರಕೆ ಇಲ್ಲ’. ಅಕ್ಷರ ಮಾತ್ರ ಬಸ್ಸಿನ ಬೋರ್ಡಿನಷ್ಟು ದೊಡ್ಡದು.

“ಫೋನಿನಲ್ಲಿ ಅಕ್ಷರ ಸಣ್ಣ ಮಾಡಬೇಕು ಧಣಿ. ಇಲ್ಲದಿದ್ದರೆ ಎರಡು ಸಾಲು ಮಾಡುವ.”

“ಸಣ್ಣ ಮಾಡಿದರೆ ಜನರಿಗೆ ಸಂಶಯ ಬರ್ತದೆ. ದೊಡ್ಡ ಅಕ್ಷರ, ಒಂದೇ ಸಾಲು.”

“ಕೊನೆ ತುಂಡಾಗಿ ಹೋಗ್ತದೆ.”

“ಕೊನೆಗೆ ಒಂಚೂರು ಹೋದರೆ ಎಂತ ಆಗ್ತದೆ?”

ಹೇಳಿದ ಹಾಗೆಯೇ ಮಾಡಿಕೊಟ್ಟೆ. ನಮ್ಮ ಕನ್ನಡದಲ್ಲಿ ‘ಇಲ್ಲ’ ಕೂರುವುದೇ ಕೊನೆಯಲ್ಲಿ. ಫೋನಿನಲ್ಲಿ ಅದು ಬಲಬದಿಯಿಂದ ಹೊರಗೆ ಬಿತ್ತು. ಉಳಿದದ್ದು: ‘ನಮ್ಮ ಎಣ್ಣೆಯಲ್ಲಿ ಕಲಬೆರಕೆ’.

ಊರಿಡೀ ವಾಟ್ಸಾಪಿನಲ್ಲಿ ಓದಿತು. ಧಣಿ ಬೆವರೊರೆಸುತ್ತಾ ಓಡಿಬಂದರು. “ಮರ್ಯಾದೆ ಹೋಯ್ತು ಅಕ್ಕಾ! ಎಷ್ಟು ಬೇಕಾದರೂ ಸಣ್ಣ ಮಾಡಿ, ‘ಇಲ್ಲ’ ಒಂದನ್ನು ಒಳಗೆ ತನ್ನಿ!”

ನಾನು ಕೆಲಸಕ್ಕೆ ಕೂತೆ. ಅಷ್ಟರಲ್ಲಿ ಧಣಿಯ ಫೋನು ರಿಂಗಾಯಿತು. ತೆಗೆಯುವ ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಹೋಯಿತು. ಬೆಳ್ಳಾರೆಯ ಒಬ್ಬ ದಿನಸಿ ಅಂಗಡಿಯವನ ಸ್ವರ:

“ಧಣಿ, ಇನ್ನು ನನ್ನ ಅಂಗಡಿಗೆ ನಿಮ್ಮ ಎಣ್ಣೆಯೇ ಬರ್ಲಿ. ಕಲಬೆರಕೆ ಎಲ್ಲರೂ ಮಾಡುದೇ. ಬಾಯಿಬಿಟ್ಟು ಹೇಳುವ ಧೈರ್ಯ ನಿಮಗೊಬ್ಬರಿಗಾದರೂ ಉಂಟಲ್ಲ ಮಾರಾಯ್ರೆ!”

ಧಣಿ ಫೋನು ಕಿಸೆಗೆ ಹಾಕಿದರು. ಕುರ್ಚಿ ಎಳೆದು ಕೂತು ನೀರು ಕುಡಿದರು. ನನ್ನ ಪರದೆಯ ಕಡೆಗೆ ಬೆರಳು ತೋರಿಸಿದರು.

“ಅಕ್ಕಾ, ಆ ‘ಇಲ್ಲ’ಕ್ಕೆ ಅಷ್ಟು ಅರ್ಜೆಂಟ್ ಎಂತ ಇಲ್ಲ. ಮಳೆಗಾಲ ಕಳೆದು ಹಾಕಿದರೂ ಆದೀತು.”